ಸಂತಾನಹರಣದ ಅನಂತರ ಬೆಕ್ಕಿನ ದೇಹ

ಹೆಣ್ಣು ಬೆಕ್ಕಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದವರು ಅನಂತರ ಅದರ ಮೈಯಲ್ಲಿ ಕಾಣುವ ಒಂದೊಂದು ಮಾರ್ಪಾಟನ್ನೂ ಶಂಕೆಯಿಂದ ನೋಡುವುದುಂಟು. ಹೊಲಿಗೆಯ ಕೆಳಗಿನ ಗಂಟು, ಬೋಳಿಸಿದ ಕಡೆ ಬಣ್ಣ ಬದಲಾಗಿ ಬಂದ ಕೂದಲು, ದಿನೇ ದಿನೇ ಹೆಚ್ಚುವ ಹಸಿವು, ಇವುಗಳಲ್ಲಿ ಸಹಜವಾದುದು ಯಾವುದು? ಎಚ್ಚರ ವಹಿಸಬೇಕಾದುದು ಯಾವುದು?

ಈ ಶಸ್ತ್ರಕ್ರಿಯೆಯಲ್ಲಿ ಅಂಡಾಶಯಗಳನ್ನೂ ಅನೇಕವೇಳೆ ಅವುಗಳೊಡನೆ ಗರ್ಭಕೋಶವನ್ನೂ ತೆಗೆದುಹಾಕುವರು. ಅಂಡಾಶಯವು ಅಂಡಗಳ ಆಗರ ಮಾತ್ರವಲ್ಲ. ಈಸ್ಟ್ರೋಜೆನ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುವ ಗ್ರಂಥಿಯೂ ಹೌದು. ಆ ಪೂರೈಕೆ ನಿಂತ ಮೇಲೆ ಬೆಕ್ಕು ಬೆದೆಗೆ ಬರುವುದಿಲ್ಲ. ರಾತ್ರಿಯೆಲ್ಲ ಕೂಗುವುದೂ ನೆಲದಲ್ಲಿ ಹೊರಳಾಡುವುದೂ ನಿಲ್ಲುತ್ತವೆ. ಇನ್ನೊಂದು ಲಾಭವೂ ಉಂಟು. ೨೦೦೫ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆರು ತಿಂಗಳು ತುಂಬುವ ಮೊದಲೇ ಶಸ್ತ್ರಕ್ರಿಯೆಯಾದ ಬೆಕ್ಕುಗಳಲ್ಲಿ ಸ್ತನದ ಕ್ಯಾನ್ಸರಿನ ಸಂಭವ ಶೇಕಡ ೯೧ರಷ್ಟು ಕಡಿಮೆ.

ಒಳಗಿನ ಹೊಲಿಗೆಯ ದಾರ ಕರಗುವಾಗ ಗಾಯದ ಕೆಳಗೆ ಸಣ್ಣ ಗಟ್ಟಿ ಗಂಟು ಕೈಗೆ ಸಿಕ್ಕಬಹುದು. ಕೆಲವು ವಾರಗಳಲ್ಲಿ ಅದು ತಾನಾಗಿ ಕರಗುವುದು. ಆದರೆ ಗಾಯ ಬಿರಿದರೆ, ಕೀವು ಅಥವಾ ರಕ್ತ ಒಸರಿದರೆ, ಒಸಡು ಬಿಳಿಚಿಕೊಂಡರೆ, ಬೆಕ್ಕು ಇಡೀ ದಿನ ಆಹಾರ ಮುಟ್ಟದಿದ್ದರೆ ಒಡನೆಯೇ ಪಶುವೈದ್ಯರನ್ನು ಕಾಣಬೇಕು.

ಸಯಾಮೀ ಜಾತಿಯ ಬೆಕ್ಕಿನಲ್ಲಿ ಒಂದು ವಿಚಿತ್ರವನ್ನು ನೋಡಬಹುದು. ಶಸ್ತ್ರಕ್ರಿಯೆಗಾಗಿ ಬೋಳಿಸಿದ ಕಡೆ, ತೆಳುಬಣ್ಣದ ಕೂದಲಿಗೆ ಬದಲಾಗಿ ಕಪ್ಪಾದ ಕೂದಲು ಬೆಳೆಯುವುದು! ಇದು ರೋಗವಲ್ಲ, ಉಷ್ಣದ ಆಟ. ಕಪ್ಪು ವರ್ಣದ್ರವ್ಯವನ್ನು ತಯಾರಿಸುವ ಟೈರೊಸಿನೇಸ್ ಎಂಬ ಕಿಣ್ವವು ಈ ಜಾತಿಯಲ್ಲಿ ತಂಪಾದ ಭಾಗಗಳಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುವುದು. ಕಿವಿ, ಬಾಲ, ಪಾದಗಳು ಕಪ್ಪಾಗಿರುವುದೂ ಇದರಿಂದಲೇ. ತುಪ್ಪಳದ ಹೊದಿಕೆಯಿಲ್ಲದ ಚರ್ಮ ತಣ್ಣಗಾಗುವುದರಿಂದ ಅಲ್ಲಿಯೂ ಬಣ್ಣ ಕೂಡುತ್ತದೆ. ಕೂದಲುದುರಿ ಹೊಸತು ಬಂದಾಗ ಹಳೆಯ ಬಣ್ಣ ಮರಳುವುದು.

ಇನ್ನು ತೂಕದ ಮಾತು. ಈಸ್ಟ್ರೋಜೆನ್ ಹಸಿವಿಗೆ ಕಡಿವಾಣ ಹಾಕುವ ಹಾರ್ಮೋನು. ಅದು ಇಳಿದೊಡನೆ, ಕೆಲವೇ ದಿನಗಳಲ್ಲಿ ಬೆಕ್ಕು ಹೆಚ್ಚು ತಿನ್ನತೊಡಗುತ್ತದೆ. ಅದಕ್ಕೆ ಬೇಕಾದ ಶಕ್ತಿಯಾದರೋ ಕಡಿಮೆಯಾಗುತ್ತದೆ. ಆದಾಯ ಹೆಚ್ಚಿ ವೆಚ್ಚ ಇಳಿದರೆ ಉಳಿತಾಯವೇ ತಾನೆ? ಇಲ್ಲಿ ಆ ಉಳಿತಾಯದ ಹೆಸರು ಕೊಬ್ಬು.

ಲೆಕ್ಕ ಮಾಡಿ ನೋಡೋಣ. ಪ್ರಾಣಿಗಳ ವಿಶ್ರಾಂತಿಕಾಲದ ಶಕ್ತಿವ್ಯಯವು ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿರುವುದೆಂದು ಮ್ಯಾಕ್ಸ್ ಕ್ಲೈಬರ್ ೧೯೩೨ರಲ್ಲಿ ತೋರಿಸಿದನು. ೪ ಕಿಲೋಗ್ರಾಂ ಬೆಕ್ಕಿಗೆ ಈ ಘಾತದ ಬೆಲೆ ೨.೮೩. ಅದನ್ನು ೭೦ರಿಂದ ಗುಣಿಸಿದರೆ ದಿನಕ್ಕೆ ಸುಮಾರು ೧೯೮ ಕಿಲೋಕ್ಯಾಲೊರಿ. ಓಡಾಟವನ್ನೂ ಸೇರಿಸಲು ಪಶುವೈದ್ಯರು ಇದನ್ನು ಸಾಮಾನ್ಯ ಬೆಕ್ಕಿಗೆ ೧.೪ರಿಂದಲೂ ಸಂತಾನಹರಣವಾದ ಬೆಕ್ಕಿಗೆ ೧.೨ರಿಂದಲೂ ಗುಣಿಸುವ ರೂಢಿಯುಂಟು. ವ್ಯತ್ಯಾಸ ಸುಮಾರು ೪೦ ಕಿಲೋಕ್ಯಾಲೊರಿ. ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು ೭,೭೦೦ ಕಿಲೋಕ್ಯಾಲೊರಿ ಅಡಗಿದೆ. ಹಳೆಯ ಅಳತೆಯಲ್ಲಿಯೇ ಆಹಾರವಿಡುತ್ತ ಹೋದರೆ, ಈ ಸ್ಥೂಲ ಲೆಕ್ಕದಂತೆ, ಆರು ತಿಂಗಳಲ್ಲಿ ಹತ್ತಿರ ಹತ್ತಿರ ಒಂದು ಕಿಲೋಗ್ರಾಂ ಕೂಡಿತು! ಬೆಕ್ಕಿನಲ್ಲಿ ಸ್ಥೂಲಕಾಯವು ಸಕ್ಕರೆ ಕಾಯಿಲೆಗೆ ದಾರಿಮಾಡಿಕೊಡುವುದೆಂಬುದನ್ನು ನೆನೆದರೆ ಇದು ಅಲ್ಪವಲ್ಲ.

ಹಿಂಗಾಲುಗಳ ನಡುವೆ ಜೋಲುವ ಸಡಿಲ ಚರ್ಮವನ್ನು ಮಾತ್ರ ಕೊಬ್ಬೆಂದು ತಿಳಿಯಬಾರದು. ಅದು ಶಸ್ತ್ರಕ್ರಿಯೆಯಾಗದ ಬೆಕ್ಕುಗಳಲ್ಲಿಯೂ ಗಂಡು ಬೆಕ್ಕುಗಳಲ್ಲಿಯೂ ಇರುತ್ತದೆ. ಪಕ್ಕೆಲುಬುಗಳು ಬೆರಳಿಗೆ ಸುಲಭವಾಗಿ ತಾಗುತ್ತಿರುವವರೆಗೆ ಚಿಂತೆಯಿಲ್ಲ.

ಹಾಗೆಂದು ಉಪವಾಸ ಕೆಡವುವುದು ಪರಿಹಾರವಲ್ಲ. ಕೊಬ್ಬಿದ ಬೆಕ್ಕು ಕೆಲವು ದಿನ ಆಹಾರ ಬಿಟ್ಟರೆ ಮೈಯ ಕೊಬ್ಬು ಪಿತ್ತಕೋಶವನ್ನಲ್ಲ, ಯಕೃತ್ತನ್ನೇ ತುಂಬಿ ಪ್ರಾಣಕ್ಕೆ ಸಂಚಕಾರ ತರಬಲ್ಲುದು. ಶಸ್ತ್ರಕ್ರಿಯೆಯಾದ ಮೊದಲ ವಾರಗಳಿಂದಲೇ ವೈದ್ಯರ ಸಲಹೆಯಂತೆ ಆಹಾರವನ್ನು ಅಳೆದು ಹಾಕುವುದು, ದಿನವೂ ಆಡಿಸುವುದು, ಎರಡು ವಾರಕ್ಕೊಮ್ಮೆ ತೂಗಿ ಬರೆದಿಡುವುದು, ಇಷ್ಟು ಸಾಕು. ತನ್ನ ಹಸಿವಿಗೆ ಅಂಕೆಯಿಡುವ ಶಕ್ತಿ ಬೆಕ್ಕಿಗೆ ಕುಗ್ಗಿದೆ. ಆ ಹೊಣೆ ಈಗ ಬಟ್ಟಲು ತುಂಬುವವರದು.