ತುಕ್ಕಿನ ಚಿಕಿತ್ಸೆ

ಸಾದಲಿ ಎಂಬ ಊರಿನ ಕಡೆಯ ಗೃಹಿಣಿಯರು ಹಬ್ಬದ ಮುನ್ನಾದಿನ ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು ತಿಕ್ಕಿ ಕಿಲುಬನ್ನು ಕಳೆಯುವಾಗ, ರಸಾಯನಶಾಸ್ತ್ರದ ಯಾವ ಗ್ರಂಥವನ್ನೂ ಓದದೆಯೇ ಅದರ ಒಂದು ಮುಖ್ಯ ತತ್ತ್ವವನ್ನು ಆಚರಣೆಗೆ ತರುತ್ತಾರೆ. ಲೋಹದ ಮೇಲೆ ಕೂತ ಮಲಿನ ಪೊರೆಯನ್ನು ಹುಣಸೆಯ ಟಾರ್ಟಾರಿಕ್ ಆಮ್ಲದಂಥ ಸೌಮ್ಯ ಆಮ್ಲವೂ ಕರಗಿಸಬಲ್ಲುದು. ಹಳೆಯ ಮೋಟಾರು ಗಾಡಿಗಳ ಜೀರ್ಣೋದ್ಧಾರ ಮಾಡುವವರು ನೆಚ್ಚಿರುವುದೂ ಈ ತತ್ತ್ವವನ್ನೇ.

ತುಕ್ಕೆಂಬುದು ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಕೂಡಿ, ಅದಿರಿನಂಥ ತನ್ನ ಪೂರ್ವಸ್ಥಿತಿಗೆ ಮರಳುವ ಕ್ರಿಯೆ. ಅದು ಸಡಿಲವಾಗಿ ಉಬ್ಬಿ, ತೇವವನ್ನು ಹಿಡಿದಿಟ್ಟುಕೊಂಡು, ಒಳಗೊಳಗೇ ಲೋಹವನ್ನು ತಿನ್ನುತ್ತ ಹೋಗುತ್ತದೆ. ಅವಸರದವರು ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಪ್ರಯೋಗಿಸುವುದುಂಟು. ಆದರೆ ತುಕ್ಕು ಯಾವುದು, ಕಬ್ಬಿಣ ಯಾವುದು ಎಂಬ ವಿವೇಚನೆ ಆ ಆಮ್ಲಕ್ಕಿಲ್ಲ. ಆ ಕ್ರಿಯೆಯಲ್ಲಿ ಹುಟ್ಟುವ ಜಲಜನಕವು ಗಡಸು ಉಕ್ಕಿನೊಳಕ್ಕೆ ಸೇರಿತೆಂದರೆ, ಕಣ್ಣಿಗೆ ಸ್ವಚ್ಛವಾಗಿ ತೋರುವ ಸ್ಪ್ರಿಂಗು ಭಾರ ಬಿದ್ದ ದಿನ ಥಟ್ಟನೆ ಮುರಿಯಬಹುದು.

ತಾಳ್ಮೆಯುಳ್ಳವರಿಗೆ ಉತ್ತಮವಾದ ಮಾರ್ಗವೆಂದರೆ ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಾಕಂಬಿ. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, 1957ರಲ್ಲಿ ತಯಾರಿಕೆ ಆರಂಭವಾದ ಅಂಬಾಸಡರ್ ಗಾಡಿಯ ಬಾಗಿಲಿನ ಕೀಲೊಂದನ್ನು ಎರಡು ಮೂರು ವಾರ ಮುಳುಗಿಸಿಟ್ಟು, ಹುಳಿವಾಸನೆಯ ಆ ಕಂದು ದ್ರವದಿಂದ ಎತ್ತಿ, ಬ್ರಷ್ಷಿನಿಂದ ತಿಕ್ಕಿ ನೀರು ಹೊಯ್ದರೆ, ಕೆಂಪು ಹುಡಿಯೆಲ್ಲ ಹರಿದುಹೋಗಿ ಬೂದುಬಣ್ಣದ ಹಸಿ ಉಕ್ಕು ಕಾಣಿಸಿಕೊಳ್ಳುತ್ತದೆ. ಕಾಕಂಬಿಯ ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದುಕೊಂಡು ಕರಗಿಸುತ್ತವೆ. ಗಟ್ಟಿ ಲೋಹವನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಅಲ್ಯುಮಿನಿಯಂ ಮತ್ತು ಸತುವಿನ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಲಾಗದು.

ಫಾಸ್ಫಾರಿಕ್ ಆಮ್ಲದ ರೀತಿಯೇ ಬೇರೆ. ಅದು ತುಕ್ಕನ್ನು ಕರಗಿಸುವುದಲ್ಲದೆ, ಲೋಹದ ಮೇಲೆ ಕಬ್ಬಿಣದ ಫಾಸ್ಫೇಟಿನ ತೆಳುಪೊರೆಯೊಂದನ್ನು ಬಿಟ್ಟುಹೋಗುತ್ತದೆ. ಬಣ್ಣ ಹಿಡಿಯಲು ಅದು ಒಳ್ಳೆಯ ನೆಲೆ. ದಿಲ್ಲಿಯ ಲೋಹಸ್ತಂಭವು ಸುಮಾರು 1600 ವರ್ಷಗಳ ಬಿಸಿಲುಮಳೆಗಳನ್ನು ಸಹಿಸಿ ನಿಂತಿರುವುದಕ್ಕೂ ಅದರ ಕಬ್ಬಿಣದಲ್ಲಿರುವ ರಂಜಕದಿಂದ ಉಂಟಾದ ಇಂಥ ಪೊರೆಯೇ ಪ್ರಧಾನ ಕಾರಣವೆಂದು ವಿಜ್ಞಾನಿಗಳು ನಿರೂಪಿಸಿದ್ದಾರೆ.

ಹಾಗಾದರೂ ತುಕ್ಕನ್ನು ತೆಗೆಯುವುದು ಅರ್ಧ ಕೆಲಸವಷ್ಟೆ. ತೊಳೆದಿಟ್ಟ ಉಕ್ಕಿನ ಮೇಲೆ ಗಂಟೆಯೊಳಗೇ ಹೊಸ ಕೆಂಪು ಮೂಡಬಹುದಾದ್ದರಿಂದ, ಅಡುಗೆಸೋಡಾದ ನೀರಿನಲ್ಲಿ ಅದ್ದಿ, ಮತ್ತೆ ತೊಳೆದು, ಬಿಸಿಗಾಳಿಗೆ ಒಣಗಿಸಿ, ಒಡನೆಯೇ ಎಣ್ಣೆಯನ್ನಾಗಲಿ ರೆಡ್ ಆಕ್ಸೈಡನ್ನಾಗಲಿ ಹಚ್ಚತಕ್ಕದ್ದು. ಶ್ರೀರಂಗಪಟ್ಟಣದ ಬಳಿ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹವಿರುವ ‘ಪಯಣ’ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಂಡು ಬೆರಗಾಗುವವರು, ಹೊಳೆಯುವ ಬಣ್ಣದ ಅಡಿಯಲ್ಲಿ ಇಂಥ ಕಾಣದ ಶ್ರಮವಿರುವುದನ್ನು ನೆನೆಯಬೇಕು.

ಕೈಗವಸು, ಕನ್ನಡಕಗಳನ್ನು ಮರೆಯದಿರಿ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಮತ್ತೊಂದು ವಿಜ್ಞಾಪನೆ: ತುಂಬಿ ಹರಿಯುವ ಜೀವನದಿಯಿಲ್ಲದೆ ಕೆರೆಗಳನ್ನೇ ನಂಬಿದ ಸಾದಲಿಯ ಈ ಸೀಮೆಯಲ್ಲಿ, ಬಳಸಿದ ಆಮ್ಲವನ್ನು ಕೆರೆಯ ಕಾಲುವೆಗೆ ಚೆಲ್ಲಬೇಡಿ. ಒಂದು ಗಾಡಿಯ ಆಯುಸ್ಸು ಹೆಚ್ಚಿಸಲು ಹೋಗಿ ಊರ ನೀರನ್ನು ಕೆಡಿಸುವುದು ಧರ್ಮವಲ್ಲ.