ಮನೆ ಮೊಲದ ವೈದ್ಯ ಖರ್ಚು ಮತ್ತು ಸಂತಾನಹರಣ

ಯಲಿಯೂರಿನ ರೈತರಿಗೆ ಹೋರಿಗರುವಿನ ಬೀಜ ಒಡೆಸುವುದು ಹೊಸ ಸಂಗತಿಯಲ್ಲ. ಬರ್ಡಿಜೊ ಇಕ್ಕಳ ಹಾಕಿದರೆ ಚರ್ಮ ಕೊಯ್ಯದೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮಕ್ಕಳ ಆಸೆಗೆಂದು ತಂದ ಮೊಲದ ವಿಷಯ ಹಾಗಲ್ಲ. ಮೊಲಕ್ಕೆ ಕೊಟ್ಟ ಬೆಲೆಗಿಂತ ಅದರ ಶಸ್ತ್ರಕ್ರಿಯೆಗೆ ತಗಲುವ ಹಣವೇ ಹಲವು ಪಟ್ಟು ಆಗುವುದುಂಟು.

ಇದಕ್ಕೆ ಕಾರಣವಿದೆ. ಎರಡು ಮೂರು ಕಿಲೋ ತೂಗುವ ಪ್ರಾಣಿಗೆ ಅರಿವಳಿಕೆ ತುಸು ಹೆಚ್ಚಾದರೂ ಜೀವಕ್ಕೆ ಅಪಾಯ. ಗಂಡು ಮೊಲ ತನ್ನ ವೃಷಣಗಳನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳಬಲ್ಲದು. ಆ ದಾರಿ ಆಯುಷ್ಯವಿಡೀ ತೆರೆದೇ ಇರುತ್ತದೆ. ಆದ್ದರಿಂದ ಇಕ್ಕಳ ಹಾಕಿಸುವ ಯೋಚನೆ ಬೇಡ. ವೃಷಣಗಳನ್ನು ಕೊಯ್ದು ತೆಗೆದು, ಕರುಳು ಜಾರದಂತೆ ಭದ್ರಪಡಿಸಬೇಕು. ಹೆಣ್ಣಿಗಾದರೋ ಹೊಟ್ಟೆಯನ್ನೇ ತೆರೆಯಬೇಕಾದ್ದರಿಂದ ಖರ್ಚು ಇನ್ನೂ ಹೆಚ್ಚು. ಮೊಲದ ಶಸ್ತ್ರಕ್ರಿಯೆಯಲ್ಲಿ ಕೈ ಪಳಗಿದವರು ಎಲ್ಲೆಡೆ ಸಿಗುವುದಿಲ್ಲ. ಬೆಂಗಳೂರಿಗೋ ಮೈಸೂರಿಗೋ ಹೋಗಿಬರುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಗೆಂದು ಸುಮ್ಮನಿರುವಂತಿಲ್ಲ. ಮೊಲದ ಬಸಿರು 30 ರಿಂದ 32 ದಿನ ಮಾತ್ರ. ಮರಿ ಹಾಕಿದ ದಿನವೇ ಅದು ಮತ್ತೆ ಗರ್ಭ ಕಟ್ಟಬಲ್ಲದು. ಮರಿಗಳು 4 ರಿಂದ 6 ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಅಣ್ಣ ತಂಗಿ ಎಂಬ ಭೇದ ಅವಕ್ಕಿಲ್ಲ.

ಎಲ್ಲಕ್ಕಿಂತ ಅಗ್ಗದ ಉಪಾಯ ಎರಡು ಗೂಡು. ತಂತಿಬಲೆ, ಹಲಗೆಗೆ ಒಮ್ಮೆ ಹಣ ಹಾಕಿದರೆ ತೀರಿತು. ಜೊತೆಯಾಗಿಯೇ ಸಾಕಬೇಕೆಂದರೆ ಗಂಡಿಗೆ ಮಾತ್ರ ಶಸ್ತ್ರಕ್ರಿಯೆ ಮಾಡಿಸಿರಿ. ಅನಂತರವೂ 4 ರಿಂದ 6 ವಾರ ಹೆಣ್ಣಿನ ಬಳಿ ಬಿಡಕೂಡದು. ಒಂದು ಮಾತು ಮಾತ್ರ ಹೇಳಲೇಬೇಕು: ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಏಡಿಗಂತಿ ಬಹಳ ಸಾಮಾನ್ಯ. ಬೇರೆ ಗೂಡು ಅದನ್ನು ತಡೆಯಲಾರದು. ಹಲವು ವರ್ಷ ಸಾಕುವ ಮನಸ್ಸಿದ್ದು, ಕೈಯಲ್ಲಿ ಅನುಕೂಲವೂ ಇದ್ದರೆ ಹೆಣ್ಣಿಗೂ ಮಾಡಿಸುವುದು ಲೇಸು.

ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ನಾಯಿಯಂತೆ ಮೊಲವನ್ನು ಉಪವಾಸ ಕೆಡವಬೇಡಿರಿ. ಮೊಲ ವಾಂತಿ ಮಾಡಲಾರದು. ಕರುಳು ಖಾಲಿ ಬಿದ್ದರೆ ನಿಂತೇಹೋಗುವ ಭಯವಿದೆ. ಮನೆಗೆ ತಂದ ಮೇಲೆ 12 ಗಂಟೆ ಕಳೆದರೂ ಮೇವು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿರಿ.

ಉಳಿದ ವೈದ್ಯ ಖರ್ಚಿನ ಬಹುಪಾಲು ಮೇವಿನಿಂದಲೇ ತಪ್ಪುತ್ತದೆ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಹುಲ್ಲು ಅಗಿದಷ್ಟೂ ಸವೆಯುತ್ತದೆ. ಗರಿಕೆ, ಒಣಹುಲ್ಲು ಧಾರಾಳವಾಗಿರಲಿ. ಹಿಪ್ಪುನೇರಳೆ ಸೊಪ್ಪನ್ನೂ ಕೊಡಬಹುದು. ಔಷಧಿ ಹೊಡೆದ ಗದ್ದೆ ಬದುವಿನ ಹುಲ್ಲು ಮಾತ್ರ ಬೇಡ. ಕಿವಿಯೊಳಗೆ ಹಕ್ಕಳೆ ಕಟ್ಟಿದರೆ ಅದು ಕಜ್ಜಿಹುಳು. ಐವರ್ಮೆಕ್ಟಿನ್ ಚುಚ್ಚುಮದ್ದಿಗೆ ಗುಣವಾಗುತ್ತದೆ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಹಸುವಿಗೆ ತಂದು ಉಳಿದ ಔಷಧಿಯನ್ನು ಅಂದಾಜಿನಲ್ಲಿ ಹಾಕುವುದು, ಪೆನಿಸಿಲಿನ್ ಜಾತಿಯ ಮಾತ್ರೆಯನ್ನು ಬಾಯಿಗೆ ಹಾಕುವುದು, ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಹಚ್ಚುವುದು, ಈ ಮೂರರಿಂದಲೂ ಮೊಲ ಸಾಯಬಹುದು.

ಕಬ್ಬು ಕಡಿಯುವಾಗ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತರಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದು ಅಪರಾಧ. ತಾಯಿ ಹಾಲೂಡಿಸಲು ಸಂಜೆ ಬರುತ್ತದೆ; ಮರಿಯನ್ನು ಇದ್ದಲ್ಲೇ ಬಿಡಿರಿ.