ಕಿವಿಯ ಮಷೀನು ಡಬ್ಬಿಯಲ್ಲೇ ಉಳಿಯದಿರಲಿ

ಜುಮಾ ಖುತ್ಬಾಗಳ ಸಾರಾಂಶವನ್ನು ನಾವು ಪ್ರತಿ ತಿಂಗಳು ಮುದ್ರಿಸುತ್ತೇವೆ. ಅದನ್ನು ಕಾದು ಓದುವವರಲ್ಲಿ, ಮಿಂಬರಿನ ಎದುರೇ ಕುಳಿತರೂ ಒಂದು ಮಾತೂ ಕೇಳಿಸದ ಹಿರಿಯರಿದ್ದಾರೆ. ಮನೆಯಲ್ಲಿ ಎಲ್ಲರೂ ನಕ್ಕಾಗ ಕಾರಣ ತಿಳಿಯದೆ ಅವರೂ ನಗುತ್ತಾರೆ. ಕ್ರಮೇಣ ಮಾತನ್ನೇ ಬಿಡುತ್ತಾರೆ. “ಮಷೀನು ಕೊಡಿಸಿದ್ದೇವೆ, ಅಬ್ಬಾ ಹಾಕಿಕೊಳ್ಳುವುದೇ ಇಲ್ಲ” ಎಂದು ಮಕ್ಕಳು ದೂರುತ್ತಾರೆ. ಅನೇಕ ಬಾರಿ ಅದಕ್ಕೆ ಅಬ್ಬಾರ ಹಟ ಕಾರಣವಲ್ಲ. ಮಷೀನನ್ನು ಅವರ ಕಿವಿಗೆ ಸರಿಯಾಗಿ ಹೊಂದಿಸಿರುವುದಿಲ್ಲ.

ಮೊದಲು ವೈದ್ಯರು, ಆಮೇಲೆ ಮಷೀನು

ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದ್ದರೂ ಕೇಳಿಸುವುದು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆಯಲ್ಲೂ ಕೆಎಲ್‌ಇ ಆಸ್ಪತ್ರೆಯಲ್ಲೂ ಈ ವಿಭಾಗವಿದೆ. ಕಿವಿ ಸೋರುತ್ತಿದ್ದರೆ, ತಲೆ ಸುತ್ತಿದರೆ ಅಥವಾ ಒಮ್ಮೆಲೇ ಕೇಳಿಸದಂತಾದರೆ ತಡಮಾಡದೆ ಹೋಗಿ. ನಂತರ ಆಡಿಯಾಲಜಿಸ್ಟ್ ಎಂಬ ಶ್ರವಣ ತಜ್ಞರು ಸದ್ದಿಲ್ಲದ ಕೋಣೆಯಲ್ಲಿ ಪರೀಕ್ಷೆ ಮಾಡಿ, ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂಬ ನಕ್ಷೆ ಕೊಡುತ್ತಾರೆ. ಆ ನಕ್ಷೆಯಂತೆ ಮಷೀನನ್ನು ಹೊಂದಿಸಬೇಕು. ಪರೀಕ್ಷೆಯಿಲ್ಲದೆ ಕೊಂಡ ಮಷೀನು ಎಲ್ಲ ಸದ್ದನ್ನೂ ಒಟ್ಟಿಗೆ ಜೋರು ಮಾಡಿಬಿಡಬಹುದು. ಮಾತು ಮಾತ್ರ ಸ್ಪಷ್ಟವಾಗದು.

ತೊಂದರೆಯನ್ನು ಹೇಳಬೇಕು

ಚಶ್ಮಾ ಹಾಕಿದೊಡನೆ ಕಾಣುತ್ತದೆ. ಕಿವಿಯ ಮಷೀನು ಹಾಗಲ್ಲ. ವರ್ಷಗಟ್ಟಲೆ ಮರೆತಿದ್ದ ಸದ್ದುಗಳಿಗೆ ಮೆದುಳು ಮತ್ತೆ ಒಗ್ಗಲು ಕೆಲವು ವಾರಗಳೇ ಬೇಕು. ಮೊದಲು ಮನೆಯಲ್ಲಿ, ಸದ್ದು ಕಡಿಮೆಯಿರುವಾಗ, ಒಂದೆರಡು ಗಂಟೆ ಹಾಕಲಿ. ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸಲಿ. ಬಜಾರಿಗೂ ಶಾದಿಗೂ ಆಮೇಲೆ ಹಾಕಿಕೊಂಡು ಹೋಗಲಿ.

ಒಗ್ಗುವುದು ಬೇರೆ, ಸಹಿಸುವುದು ಬೇರೆ. ಕಿವಿ ನೋಯುತ್ತಿದ್ದರೆ ಕಿವಿಯೊಳಗೆ ಕೂರುವ ಅಚ್ಚು ಸರಿಯಿಲ್ಲ ಎಂದರ್ಥ. ಅದನ್ನು ಮನೆಯಲ್ಲಿ ಉಜ್ಜಬೇಡಿ. ತಜ್ಞರು ತಿದ್ದುತ್ತಾರೆ, ಇಲ್ಲವೆ ಹೊಸ ಅಳತೆ ತೆಗೆದುಕೊಳ್ಳುತ್ತಾರೆ. ತನ್ನದೇ ದನಿ ಕೊಡದೊಳಗಿಂದ ಬಂದಂತೆ ಗುಂಯ್‌ಗುಡುತ್ತಿದ್ದರೆ ಅಚ್ಚಿನಲ್ಲಿ ಗಾಳಿಯಾಡುವ ರಂಧ್ರವನ್ನು ದೊಡ್ಡದು ಮಾಡಬಹುದು. ತಟ್ಟೆ-ಚಮಚದ ಸದ್ದು ಚುಚ್ಚಿದಂತಾದರೆ ತೀಕ್ಷ್ಣ ಸ್ವರಗಳನ್ನಷ್ಟೇ ಕಂಪ್ಯೂಟರಿನಲ್ಲಿ ತಗ್ಗಿಸಬಹುದು. ಸೀಟಿಯಂಥ ಸದ್ದು ಬರುತ್ತಿದ್ದರೆ ಅಚ್ಚು ಸಡಿಲವಾಗಿರಬಹುದು, ಗುಗ್ಗೆ ತುಂಬಿರಬಹುದು, ಅಥವಾ ದುಪಟ್ಟಾ, ಟೋಪಿ ಮೈಕಿಗೆ ಒತ್ತುತ್ತಿರಬಹುದು.

ಇದಕ್ಕೆಲ್ಲ ಎರಡು ಮೂರು ಸಲ ತಜ್ಞರ ಬಳಿ ಹೋಗಬೇಕಾಗುತ್ತದೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ. ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು ಹೊರೆಯೇ ಸರಿ. ಆದರೂ ಆ ಖರ್ಚನ್ನು ಮಷೀನಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಮತ್ತೆ ಎಷ್ಟು ಬಾರಿ ಹೊಂದಿಸಿಕೊಡುತ್ತಾರೆ, ಅದಕ್ಕೆ ಹಣವೆಷ್ಟು ಎಂದು ಕೊಳ್ಳುವ ಮೊದಲೇ ಕೇಳಿ. ಹೋಗುವಾಗ ತೊಂದರೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. “ಚೆನ್ನಾಗಿಲ್ಲ” ಎಂದರೆ ತಜ್ಞರಿಗೆ ಏನೂ ತಿಳಿಯದು. “ಮೊಮ್ಮಗಳ ಮಾತು ತಿಳಿಯುವುದಿಲ್ಲ, ಬಾಗಿಲ ಸದ್ದು ಸಿಡಿಲಿನಂತಿದೆ” ಎಂದರೆ ತಿಳಿಯುತ್ತದೆ. ದಾದಿ ಉರ್ದುವಿನಲ್ಲೇ ಮಾತನಾಡುವವರಾದರೆ, ಮಾತಿನ ಪರೀಕ್ಷೆಯೂ ಅದೇ ಭಾಷೆಯಲ್ಲಿ ನಡೆಯಲೆಂದು ಜೊತೆಗಿದ್ದವರು ಕೇಳಿಕೊಳ್ಳಲಿ.

ವುಝೂ, ಮಳೆ ಮತ್ತು ಮಸೀದಿ

ವುಝೂ ಮತ್ತು ಸ್ನಾನಕ್ಕೆ ಮೊದಲು ಮಷೀನನ್ನು ತೆಗೆದು ಒಣ ಡಬ್ಬಿಯಲ್ಲಿಡಿ. ವುಝೂ ಆದ ಮೇಲೆ ಕಿವಿಯನ್ನು ಒರೆಸಿ, ಒಣಗಿದ ನಂತರವೇ ಹಾಕಿ. ಬಲಗಿವಿಯದಕ್ಕೆ ಕೆಂಪು, ಎಡಗಿವಿಯದಕ್ಕೆ ನೀಲಿ ಗುರುತು ಇರುತ್ತದೆ. ಖಾನಾಪುರದ ಮಳೆಗಾಲದಲ್ಲಿ ತೇವವೇ ದೊಡ್ಡ ಶತ್ರು. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಹರಳುಗಳ ಡಬ್ಬಿಯಲ್ಲಿಡಿ. ಗುಂಡಿ ಬ್ಯಾಟರಿಯ ಸ್ಟಿಕ್ಕರನ್ನು ಬಳಸುವ ದಿನವೇ ತೆಗೆಯಿರಿ. ತೆಗೆದ ಮೇಲೆ, ಬಳಸದಿದ್ದರೂ ಅದು ಖಾಲಿಯಾಗುತ್ತ ಹೋಗುತ್ತದೆ. ಮಕ್ಕಳು ಅದನ್ನು ನುಂಗಿದರೆ ಪ್ರಾಣಾಪಾಯ. ಅವರ ಕೈಗೆ ಸಿಗದಂತೆ ಇಡಿ.

ದೂರದ ಮಾತನ್ನು ಯಾವ ಮಷೀನೂ ಹತ್ತಿರದ ಮಾತಿನಷ್ಟು ಸ್ಪಷ್ಟ ಮಾಡಲಾರದು. ಜುಮಾ ದಿನ ಹಿರಿಯರನ್ನು ಬೇಗ ಕರೆದೊಯ್ದು ಮುಂದಿನ ಸಫ್‌ನಲ್ಲಿ, ಫ್ಯಾನಿನ ಸದ್ದಿನಿಂದ ದೂರ, ಖತೀಬರ ಮುಖ ಕಾಣುವಲ್ಲಿ ಕೂರಿಸಿ.

ಹಣದ ಅಡಚಣೆಯಿದ್ದರೆ

2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡ ಹಿರಿಯರಿಗೆ ಶ್ರವಣ ಸಾಧನ ಉಚಿತವಾಗಿ ಸಿಗುತ್ತದೆ. ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರವಿರುವ ಬಡವರಿಗೆ ಕೇಂದ್ರದ ಎಡಿಪ್ ಯೋಜನೆಯಿದೆ. ಬೆಳಗಾವಿಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಿ. ಶಿಬಿರದಲ್ಲಿ ಪಡೆದ ಮಷೀನನ್ನೂ ತಜ್ಞರಿಂದ ಹೊಂದಿಸಿಕೊಳ್ಳಲೇಬೇಕು.

ನಿಮ್ಮ ಮನೆಯ ಕಪಾಟಿನಲ್ಲೂ ಅಂಥ ಒಂದು ಡಬ್ಬಿ ಇದ್ದರೆ ಇಂದೇ ತೆಗೆಯಿರಿ. ಏನು ತೊಂದರೆಯಾಗುತ್ತದೆ ಎಂದು ಹಿರಿಯರ ಎದುರು ಕುಳಿತು, ನಿಧಾನವಾಗಿ ಕೇಳಿ. ಮುಂದಿನ ವಾರ ಅವರನ್ನೂ ಆ ಡಬ್ಬಿಯನ್ನೂ ತಜ್ಞರ ಬಳಿಗೆ ಕರೆದೊಯ್ಯಿರಿ. ಮುಂದಿನ ಖುತ್ಬಾವನ್ನು ಅವರು ನಮ್ಮ ಪುಟಗಳಲ್ಲಿ ಓದುವ ಮೊದಲೇ ತಮ್ಮ ಕಿವಿಯಿಂದ ಕೇಳುವಂತಾಗಲಿ, ಇನ್‌ಶಾ ಅಲ್ಲಾಹ್.